ಕಾರವಾರದಲ್ಲಿ ಮುಗಿಯುವ ಅರಬ್ಬಿ ಸಮುದ್ರ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಒಂದು ಭಾನುವಾರ ಸಂಜೆ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದ್ದರು. ಬಾಯಿಗೆ ಬಂದ ಹಾಗೇ ಬರೆದಿದ್ದೇನೆ, ಜಾಸ್ತಿ ತಿದ್ದಿಲ್ಲ. ನಡುವೆ ಕರೆಂಟ್ ಹೋದಾಗ ಹೇಳಿದ ಎರಡು ಜೋಕು ಬಿಟ್ಟಿದ್ದೇನೆ. ಅವು ಕತ್ತಲಲ್ಲಿ ಮಾತ್ರ ನಗು ತರಿಸುವಂಥವು.

ಎಲ್ಲರಿಗೂ ನಮಸ್ಕಾರ. ಸಮುದ್ರಕ್ಕೂ ಮಹಾಸಾಗರಕ್ಕೂ ಏನು ವ್ಯತ್ಯಾಸ ಅಂತ ಮಾತಾಡಿ ಎಂದು ಕರೆದಿರಿ. ಕರೆದ ಊರಿನ ಹೆಸರೇ ಸಾಗರ. ಆದರೆ ಇಲ್ಲಿಂದ ಕಡಲು ನೋಡಬೇಕು ಅಂದ್ರೆ ಘಟ್ಟ ಇಳಿದು ಹೊನ್ನಾವರಕ್ಕೋ ಭಟ್ಕಳಕ್ಕೋ ಹೋಗಬೇಕು, ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಳ್ಳುತ್ತದೆ. ಈ ಊರಿಗೆ ಹೆಸರು ಬಂದದ್ದು ಕಡಲಿನಿಂದಲ್ಲ, ಕೆರೆಯಿಂದ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಕೆರೆ, ಸದಾಶಿವ ಸಾಗರ. ಈಗ ಗಣಪತಿ ಕೆರೆ ಅನ್ನುತ್ತೇವೆ. ಈ ಸದಾಶಿವನ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಇನ್ನೊಬ್ಬ ಸದಾಶಿವ ಬರುತ್ತಾನೆ.

ನಮ್ಮ ಭಾಷೆ ಈ ವಿಷಯದಲ್ಲಿ ಬಲು ಧಾರಾಳ. ದೊಡ್ಡ ನೀರು ಕಂಡರೆ ಸಾಕು, ಸಾಗರ ಅಂದುಬಿಡುತ್ತೇವೆ. ಕಾವೇರಿಗೆ ಕಟ್ಟೆ ಕಟ್ಟಿದರೆ ಕೃಷ್ಣರಾಜ ಸಾಗರ, ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದರೆ ವಾಣಿವಿಲಾಸ ಸಾಗರ. ಸಗರ ಚಕ್ರವರ್ತಿಯ ಅರವತ್ತು ಸಾವಿರ ಮಕ್ಕಳು ನೆಲ ಅಗೆದು ಮಾಡಿದ್ದಕ್ಕೆ ಸಾಗರ ಅಂತ ಹೆಸರು ಬಂತು ಎಂಬ ಪುರಾಣದ ಕಥೆ ನಿಮಗೆಲ್ಲ ಗೊತ್ತು. ಹಾಗೆ ನೋಡಿದರೆ ಅಗೆದು ಮಾಡಿದ ಕೆರೆಗೂ ಆ ಹೆಸರು ಒಪ್ಪುತ್ತದೆ, ತಪ್ಪೇನಿಲ್ಲ. ಕರಾವಳಿಯಲ್ಲಿ ಕಡಲು ಅನ್ನುತ್ತಾರೆ, ತುಳುವಿನಲ್ಲಿ ಕಡಲ್, ಕೊಂಕಣಿಯಲ್ಲಿ ದರ್ಯಾ. ಮಹಾಸಾಗರ ಅನ್ನುವುದು ಮಾತ್ರ ಪಾಠಪುಸ್ತಕದ ಪದ. ಮಲ್ಪೆಯಲ್ಲಿ ಯಾರೂ 'ಮಹಾಸಾಗರಕ್ಕೆ ಹೋಗಿ ಬಂಗುಡೆ ತಂದೆ' ಅನ್ನುವುದಿಲ್ಲ.

ಇನ್ನೊಂದು ಪದ ಇದೆ, ನನಗೆ ತುಂಬ ಇಷ್ಟ. ಹಳೆಗನ್ನಡದಲ್ಲಿ ಕಡಲಿಗೆ ಮುನ್ನೀರು ಅನ್ನುತ್ತಿದ್ದರು. ನಿಮಗೆ ಗೊತ್ತಿರುವುದು ಹಿನ್ನೀರು. ಲಿಂಗನಮಕ್ಕಿ ಕಟ್ಟಿ ಶರಾವತಿ ಹಿಂದೆ ನಿಂತಾಗ ನಿಮ್ಮ ಎಷ್ಟೋ ಜನರ ಅಜ್ಜಂದಿರ ಗದ್ದೆ, ತೋಟ, ಮನೆ ಎಲ್ಲ ಅದರಡಿಗೆ ಹೋಯಿತು. ಅದೇ ನದಿಯ ಒಂದು ತುದಿಯಲ್ಲಿ ಹಿನ್ನೀರು, ಇನ್ನೊಂದು ತುದಿಯಲ್ಲಿ, ಹೊನ್ನಾವರದಲ್ಲಿ, ಮುನ್ನೀರು. ಇದಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ, ಏಕೆಂದರೆ ಯಾರಾದರೂ ಕೇಳೇ ಕೇಳುತ್ತಾರೆ.

ಸರಿ, ಪಾಠಪುಸ್ತಕದ ಉತ್ತರ ಏನು? ಸಮುದ್ರ ಚಿಕ್ಕದು, ಮಹಾಸಾಗರ ದೊಡ್ಡದು. ಪರೀಕ್ಷೆಯಲ್ಲಿ ಬರೆದರೆ ಒಂದು ಮಾರ್ಕು ಸಿಗುತ್ತದೆ. ಸುಳ್ಳೂ ಅಲ್ಲ. ಮಹಾಸಾಗರಗಳಲ್ಲೇ ಚಿಕ್ಕದು ಆರ್ಕ್ಟಿಕ್, ಅದು ಸುಮಾರು 1.4 ಕೋಟಿ ಚದರ ಕಿ.ಮೀ. ಇದೆ. ನಮ್ಮ ಅರಬ್ಬಿ ಸಮುದ್ರ ಸುಮಾರು 38 ಲಕ್ಷ ಚದರ ಕಿ.ಮೀ. ಅಂದರೆ ಇಪ್ಪತ್ತು ಕರ್ನಾಟಕ ಹಿಡಿಸುವಷ್ಟು. ಟರ್ಕಿಯ ಮರ್ಮರ ಸಮುದ್ರ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೂ ಸಮುದ್ರ, ಇದೂ ಸಮುದ್ರ! ಅಜೋವ್ ಸಮುದ್ರ ಅಂತ ಒಂದಿದೆ, ರಷ್ಯಾ ಮತ್ತು ಉಕ್ರೇನ್ ನಡುವೆ. ಅದರ ಅತಿ ಆಳದ ಜಾಗವೇ 14 ಮೀಟರ್ ಆಸುಪಾಸು. ಇಲ್ಲಿ ಕೂತವರಲ್ಲಿ ಎಷ್ಟು ಜನರ ಮನೆ ಬಾವಿ ಅದಕ್ಕಿಂತ ಆಳ ಇದೆ, ಕೈ ಎತ್ತಿ. ನೋಡಿ, ಹನ್ನೊಂದು ಕೈ! ಇತ್ತ ಅರಬ್ಬಿ ಸಮುದ್ರದ ಸರಾಸರಿ ಆಳ ಸುಮಾರು 2,700 ಮೀಟರ್. ಕೊಡಚಾದ್ರಿಯ ತಲೆಯ ಮೇಲೆ ಇನ್ನೊಂದು ಕೊಡಚಾದ್ರಿ ಕೂರಿಸಿದರೂ ತುದಿ ನೀರಿನಿಂದ ಹೊರಗೆ ಬರುವುದು ಅನುಮಾನ. ಹಾಗಾಗಿ ಸಮುದ್ರ ಅನ್ನುವ ಒಂದೇ ಪದದೊಳಗೆ ಬಾವಿಯಷ್ಟು ಆಳದ್ದೂ ಇದೆ, ಬೆಟ್ಟ ಮುಳುಗುವಷ್ಟು ಆಳದ್ದೂ ಇದೆ. ಅಳತೆ ಹಿಡಿದುಕೊಂಡು ಹೊರಟರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಅದಕ್ಕೇ ನಾನು ಉಪ್ಪು ತಂದಿದ್ದೇನೆ.

ಈ ಮೇಜಿನ ಮೇಲೆ ನಾಲ್ಕು ಪೊಟ್ಟಣ, ಒಂದು ಡಬ್ಬಿ ಇವೆ. ನಡುವಿನದ್ದು ನಿಜವಾದ ಕಡಲ ಉಪ್ಪು. ಮೇ ತಿಂಗಳಲ್ಲಿ ಕಾರವಾರಕ್ಕೆ ಹೋದಾಗ ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದೆ. ಸೊಂಟದ ಮಟ್ಟ ಇಳಿದು ತುಂಬಿದ್ದು, ದಡದ ಮರಳು ಬರಬಾರದು ಅಂತ. ಮನೆಯಲ್ಲಿ ಒಂದು ಲೀಟರ್ ಅಳೆದು ಸ್ಟೀಲ್ ಪಾತ್ರೆಯಲ್ಲಿ ಕುದಿಯಲು ಇಟ್ಟೆ. ಮೊದಲ ಮುಕ್ಕಾಲು ಗಂಟೆ ಸುಮ್ನೆ ನೀರು ಕಾಯಿಸಿದ ಹಾಗೇ ಇರುತ್ತದೆ, ಏನೂ ಆಗುವುದಿಲ್ಲ. ಆಮೇಲೆ ಅಂಚಿನಲ್ಲಿ ಬಿಳಿ ಗೆರೆ ಕೂರಲು ಶುರುವಾಗುತ್ತದೆ, ನೀರು ಗಂಜಿಯ ಹಾಗೆ ಮಬ್ಬಾಗುತ್ತದೆ, ಕೊನೆಗೆ ಚಟಪಟ ಅಂತ ಸಿಡಿಯಲು ಶುರುಮಾಡುತ್ತದೆ. ನಾನು ಹತ್ತು ನಿಮಿಷ ಫೋನಿನಲ್ಲಿ ಮಾತಾಡುತ್ತಾ ಮರೆತೆ. ಪಾತ್ರೆ ತಳ ಹಿಡಿಯಿತು, ಒಲೆಯ ಸುತ್ತ ಬಿಳಿ ಚುಕ್ಕಿ. ಆ ಪಾತ್ರೆಯನ್ನು ಮನೆಯವರು ಈಗ ನಾಯಿಗೆ ಇಟ್ಟಿದ್ದಾರೆ. ಕೆರೆದು ತೆಗೆದದ್ದನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ 35 ಗ್ರಾಂ ಹತ್ತಿರ ಬಂತು. ಸಿಡಿದು ಹೋದದ್ದು, ತೇವ ಉಳಿದದ್ದು ಎಲ್ಲ ಸೇರಿ ಹೆಚ್ಚುಕಮ್ಮಿ ಇದ್ದೀತು, ಇದೇನು ಪ್ರಯೋಗಾಲಯದ ಲೆಕ್ಕ ಅಲ್ಲ. ನಾಲಿಗೆಗೆ ಇಟ್ಟು ನೋಡಿ, ಅಡುಗೆ ಉಪ್ಪಿನ ಹಾಗಿಲ್ಲ, ಹಿಂದೆ ಒಂದು ಕಹಿ ಇದೆ. ಅದು ಮೆಗ್ನೀಶಿಯಂ ಲವಣಗಳದ್ದು. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ ಇವೆಯಲ್ಲ, ಅಲ್ಲಿ ಉಪ್ಪು ಕೂತ ಮೇಲೆ ಉಳಿಯುವ ನೀರನ್ನು ಬೇರೆ ಮಾಡುತ್ತಾರೆ. ಕಹಿ ಅದರ ಜೊತೆ ಹೋಗುತ್ತದೆ. ನಾನು ಎಲ್ಲವನ್ನೂ ಇಂಗಿಸಿಬಿಟ್ಟೆ, ಅದಕ್ಕೆ ಕಹಿ.

ಲೀಟರಿಗೆ 35 ಗ್ರಾಂ ಅನ್ನುವುದು ಮಹಾಸಾಗರಗಳ ಸರಾಸರಿ. ಪೆಸಿಫಿಕ್‌ಗೆ ಹೋಗಿ, ಅಟ್ಲಾಂಟಿಕ್‌ಗೆ ಹೋಗಿ, ನಡುನೀರಿನಲ್ಲಿ ಎಲ್ಲಿ ಬಾಟಲಿ ತುಂಬಿದರೂ ಎರಡು ಗ್ರಾಂ ಆಚೆ, ಎರಡು ಗ್ರಾಂ ಈಚೆ, ಅಷ್ಟರಲ್ಲೇ ಇರುತ್ತದೆ. ಈಗ ಉಳಿದ ಪೊಟ್ಟಣ ನೋಡಿ. ಇವು ನಮ್ಮ ಮನೆ ಡಬ್ಬಿಯ ಉಪ್ಪೇ, ತೂಗಿ ಕಟ್ಟಿದ್ದು. ಈ ಚಿಟಿಕೆಯಷ್ಟು ಇರುವುದು ಬಾಲ್ಟಿಕ್ ಸಮುದ್ರದ್ದು, ಲೀಟರಿಗೆ 7 ಗ್ರಾಂ. ಇದು ಕ್ಯಾಸ್ಪಿಯನ್, ಸುಮಾರು 12. ಇದು ಕೆಂಪು ಸಮುದ್ರ, 40. ಕೊನೆಯದ್ದು ಪೊಟ್ಟಣದಲ್ಲಿ ಹಿಡಿಸಲಿಲ್ಲ, ಡಬ್ಬಿಯಲ್ಲೇ ತಂದೆ. ಮೃತ ಸಮುದ್ರ, ಲೀಟರಿಗೆ 340 ಗ್ರಾಂ. ಅದರಲ್ಲಿ ಮಲಗಿ ಪೇಪರ್ ಓದುವವರ ಫೋಟೋ ನೋಡಿದ್ದೀರಲ್ಲ, ತೇಲದೆ ಇನ್ನೇನು ಮಾಡುತ್ತಾರೆ.

ನನಗೆ ವ್ಯತ್ಯಾಸ ಮೊದಲು ಹೊಳೆದದ್ದು ಇಲ್ಲಿ. ಮಹಾಸಾಗರದ ನೀರು ತನ್ನ ಪಾಡಿಗೆ ಇರುತ್ತದೆ. ಸಮುದ್ರದ ನೀರು ಸುತ್ತಲಿನ ನೆಲದ ಮಾತು ಕೇಳುತ್ತದೆ. ಬಾಲ್ಟಿಕ್ ಸುತ್ತ ನದಿಗಳೋ ನದಿಗಳು, ಚಳಿ ದೇಶ, ನೀರು ಆವಿಯಾಗುವುದು ಕಮ್ಮಿ, ಹೊರಗಿನ ಉಪ್ಪುನೀರು ಬರಬೇಕಾದರೆ ಡೆನ್ಮಾರ್ಕಿನ ಸಂದಿಗೊಂದಿಗಳಲ್ಲಿ ನುಸುಳಿ ಬರಬೇಕು. ಹಾಗಾಗಿ ಸಪ್ಪೆ. ಕೆಂಪು ಸಮುದ್ರಕ್ಕೆ ಹೇಳಿಕೊಳ್ಳುವಂಥ ಒಂದು ನದಿಯೂ ಬಂದು ಸೇರುವುದಿಲ್ಲ. ಎರಡೂ ಕಡೆ ಮರುಭೂಮಿ, ತಲೆ ಮೇಲೆ ಬಿಸಿಲು, ಕೆಳಗೆ ಬಾಬ್ ಎಲ್ ಮಂದೇಬ್ ಅನ್ನುವ ಇಕ್ಕಟ್ಟು ಬಾಗಿಲು. ಹಾಗಾಗಿ ಉಪ್ಪು. ಉಬ್ಬರ ಇಳಿತವೂ ಅಷ್ಟೇ. ಕಾರವಾರದಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ನೀರು ಹೆಚ್ಚುಕಮ್ಮಿ ಆಳೆತ್ತರ ಏರಿ ಇಳಿಯುತ್ತದೆ. ಬಾಲ್ಟಿಕ್ ದಡದಲ್ಲಿ ಹುಟ್ಟಿ ಬೆಳೆದವನಿಗೆ ಉಬ್ಬರ ಅಂದರೆ ಏನು ಅಂತ ಕಣ್ಣಲ್ಲಿ ನೋಡಿ ಗೊತ್ತಿರುವುದಿಲ್ಲ.

ಬಾಗಿಲು ಅಂದೆನಲ್ಲ, ಅದರ ದೊಡ್ಡ ಉದಾಹರಣೆ ಮೆಡಿಟರೇನಿಯನ್. ಅದಕ್ಕೆ ಅಟ್ಲಾಂಟಿಕ್ ಕಡೆಗೆ ಇರುವುದು ಜಿಬ್ರಾಲ್ಟರ್ ಅನ್ನುವ ಒಂದೇ ಬಾಗಿಲು, ಇಕ್ಕಟ್ಟಿನ ಜಾಗದಲ್ಲಿ 14 ಕಿ.ಮೀ. ಅಗಲ. ಬಿಸಿಲಿಗೆ ಆವಿಯಾಗುವ ನೀರು ಜಾಸ್ತಿ, ನದಿ ಮಳೆಯಿಂದ ಬರುವುದು ಕಮ್ಮಿ, ಕೊರತೆ ತುಂಬಲು ಮೇಲ್ಗಡೆಯಿಂದ ಅಟ್ಲಾಂಟಿಕ್ ನೀರು ಒಳಗೆ ಹರಿಯುತ್ತದೆ, ಒಳಗಿನ ಭಾರದ ಉಪ್ಪುನೀರು ಕೆಳಗಡೆಯಿಂದ ಹೊರಗೆ ಹೋಗುತ್ತದೆ. ಒಂದೇ ಬಾಗಿಲಲ್ಲಿ ಮೇಲೆ ಒಳಗೆ, ಕೆಳಗೆ ಹೊರಗೆ. ಸುಮಾರು 60 ಲಕ್ಷ ವರ್ಷದ ಹಿಂದೆ ನೆಲ ಮೇಲೆದ್ದು ಈ ದಾರಿ ಮುಚ್ಚಿಹೋಯಿತು. ಆಗ ಆ ಸಮುದ್ರದ ಬಹುಪಾಲು ಒಣಗಿತು, ನಾನು ಪಾತ್ರೆಯಲ್ಲಿ ಮಾಡಿದ್ದನ್ನೇ ಬಿಸಿಲು ಅಲ್ಲಿ ಮಾಡಿತು. ತಳದಲ್ಲಿ ಕೆಲವು ಕಡೆ ಒಂದು ಕಿಲೋಮೀಟರಿಗೂ ದಪ್ಪ ಉಪ್ಪಿನ ಪದರ ಈಗಲೂ ಇದೆ. ಸುಮಾರು 53 ಲಕ್ಷ ವರ್ಷದ ಹಿಂದೆ ಬಾಗಿಲು ಮತ್ತೆ ಒಡೆಯಿತು, ಅಟ್ಲಾಂಟಿಕ್ ನುಗ್ಗಿತು. ಮಹಾಸಾಗರಕ್ಕೆ ಹೀಗೆ ಆಗುವುದಿಲ್ಲ. ಅದಕ್ಕೆ ಮುಚ್ಚಲು ಬಾಗಿಲೇ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬರು ಕೇಳಬೇಕು: ಅದು ಸರಿ, ಬಾಗಿಲೇ ಇಲ್ಲದ ಕಡೆ ಏನು? ನಮ್ಮ ಅರಬ್ಬಿ ಸಮುದ್ರಕ್ಕೆ ದಕ್ಷಿಣದಲ್ಲಿ ಯಾವ ಗೋಡೆ ಇದೆ? ಅದು ಎಲ್ಲಿ ಮುಗಿದು ಹಿಂದೂ ಮಹಾಸಾಗರ ಎಲ್ಲಿ ಶುರುವಾಗುತ್ತದೆ?

ಗೋಡೆ ಇಲ್ಲ. ಗೆರೆ ಇದೆ. ಗೆರೆ ಎಳೆದವರು ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆಯವರು, ಮೊನಾಕೋದಲ್ಲಿ ಇದ್ದಾರೆ, 1921ರಿಂದ. ಮಹಾಸಾಗರ ಮತ್ತು ಸಮುದ್ರಗಳ ಎಲ್ಲೆ ಯಾವುದು ಅಂತ 1928ರಲ್ಲಿ ಅವರು ಒಂದು ಪುಸ್ತಕ ತಂದರು. ಮೂರನೆಯ ಆವೃತ್ತಿ ಬಂದದ್ದು 1953ರಲ್ಲಿ. ಅದರ ನಂತರ ನಾಲ್ಕನೆಯದು ಬಂದೇ ಇಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ತೆಳ್ಳಗಿನ ಪುಸ್ತಕ, ಓದಲು ಆಸ್ತಿ ಪತ್ರದ ಚಕ್ಕುಬಂದಿ ಇದ್ದ ಹಾಗೆ ಇದೆ. ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು.

ಅರಬ್ಬಿ ಸಮುದ್ರದ ಚಕ್ಕುಬಂದಿ ಓದುತ್ತಾ ಹೋದೆ. ದಕ್ಷಿಣಕ್ಕೆ ಆಫ್ರಿಕಾದ ರಾಸ್ ಹಾಫೂನ್‌ನಿಂದ ಮಾಲ್ಡೀವ್ಸ್‌ನ ಅಡ್ಡು ದ್ವೀಪಗಳ ತುದಿಗೆ ಒಂದು ಗೆರೆ. ಪೂರ್ವಕ್ಕೆ? ಪೂರ್ವಕ್ಕೆ ಭಾರತದ ಕರಾವಳಿ ಇರಬೇಕು ಅಲ್ವಾ. ಇರುವುದು ಅರ್ಧ ಮಾತ್ರ. ಉಳಿದರ್ಧಕ್ಕೆ 'ಲಕ್ಷದ್ವೀಪ ಸಮುದ್ರದ ಪಶ್ಚಿಮ ಎಲ್ಲೆ' ಅಂತ ಇದೆ. ಲಕ್ಷದ್ವೀಪ ಸಮುದ್ರ ಅಂತ ಬೇರೆ ಒಂದು ಸಮುದ್ರವೇ ಅವರ ಪಟ್ಟಿಯಲ್ಲಿದೆ. ಅದು ಶುರುವಾಗುವುದು ಎಲ್ಲಿಂದ ಅಂದರೆ, ಸದಾಶಿವಗಡದ ದೀಪದಿಂದ.

ಯಾವ ಸದಾಶಿವಗಡ? ನಮ್ಮ ಕಾರವಾರದ್ದೇ! ಕಾಳಿ ನದಿ ಕಡಲು ಸೇರುವಲ್ಲಿ ಬಡಗಣ ದಂಡೆಯ ಮೇಲೆ ಒಂದು ಗುಡ್ಡ, ಅದರ ಮೇಲೆ ಸೋಂದೆಯ ಅರಸ ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಕೋಟೆ. ನಮ್ಮ ಎರಡನೆಯ ಸದಾಶಿವ ಆ ತಂದೆಯೇ. ಗೋವಾ ಕಡೆಗೆ ಹೋಗುವ ಹೆದ್ದಾರಿ ಆ ಗುಡ್ಡವನ್ನು ಸೀಳಿಕೊಂಡೇ ಹೋಗುತ್ತದೆ, ನೀವು ಎಷ್ಟೋ ಸಲ ದಾಟಿರಬಹುದು. ಅಲ್ಲಿಂದ ನೈಋತ್ಯಕ್ಕೆ ಲಕ್ಷದ್ವೀಪದ ಕಡೆಯ ಕೋರಾ ದೀವ್ ಅನ್ನುವ ಮುಳುಗಿದ ದಿಣ್ಣೆಯವರೆಗೆ ಒಂದು ಗೆರೆ, ಅಲ್ಲಿಂದ ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ಪಶ್ಚಿಮ ಅಂಚು ಹಿಡಿದು ಅಡ್ಡು ತನಕ. ಗೆರೆಯ ಆಚೆ ಅರಬ್ಬಿ ಸಮುದ್ರ, ಈಚೆ ಲಕ್ಷದ್ವೀಪ ಸಮುದ್ರ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ ಅಂದರೆ ಜಾಸ್ತಿಯಾಯಿತು, ಆದರೆ ನಕಾಶೆ ತೆಗೆದು ಎರಡು ಸಲ ನೋಡಿದೆ. ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಅದರಲ್ಲಿ ಸದಾಶಿವಗಡದಿಂದ ಮಾಜಾಳಿ ದಾಟಿ ಗೋವಾ ಗಡಿಯವರೆಗಿನ ತುಂಡು ಮಾತ್ರ, ಹತ್ತು ಕಿಲೋಮೀಟರ್ ಇದ್ದೀತೋ ಇಲ್ಲವೋ, ಈ ಪುಸ್ತಕದ ಪ್ರಕಾರ ಅರಬ್ಬಿ ಸಮುದ್ರದ್ದು. ಕಾರವಾರದ ಟಾಗೋರ್ ಕಡಲತೀರದಿಂದ ಹಿಡಿದು ಗೋಕರ್ಣ, ಹೊನ್ನಾವರ, ಮುರುಡೇಶ್ವರ, ಮಲ್ಪೆ, ಮಂಗಳೂರು, ಉಳ್ಳಾಲದ ತನಕ ಎಲ್ಲವೂ ಲಕ್ಷದ್ವೀಪ ಸಮುದ್ರದ ದಡ. ಮಲ್ಪೆಯಿಂದ ಒಂದು ಬೋಟು ನೆಟ್ಟಗೆ ಪಡುವಣಕ್ಕೆ ಹೊರಟರೆ ಇನ್ನೂರೆಪ್ಪತ್ತು ಇನ್ನೂರೆಂಬತ್ತು ಕಿಲೋಮೀಟರ್ ಹೋದ ಮೇಲೇ ಅದಕ್ಕೆ ಅರಬ್ಬಿ ಸಮುದ್ರ ಸಿಗುವುದು. ಶಾಲೆಯಲ್ಲಿ ನಾನು ಬರೆದ, ನೀವು ಬರೆದ, ನಿಮ್ಮ ಮಕ್ಕಳು ಈಗ ಬರೆಯುತ್ತಿರುವ 'ಕರ್ನಾಟಕದ ಪಶ್ಚಿಮಕ್ಕೆ ಅರಬ್ಬಿ ಸಮುದ್ರವಿದೆ' ಅನ್ನುವ ಉತ್ತರಕ್ಕೆ ಮೊನಾಕೋದಲ್ಲಿ ಮಾರ್ಕು ಸಿಗುವುದಿಲ್ಲ. ಗಾಬರಿಯಾಗಬೇಡಿ. ಇಲ್ಲಿ ಹಾಗೆ ಬರೆಯದಿದ್ದರೆ ಮಾರ್ಕು ಸಿಗುವುದಿಲ್ಲ, ಹಾಗೇ ಬರೆಯಲಿ.

ಮೇ ತಿಂಗಳಲ್ಲಿ ಕಾರವಾರಕ್ಕೆ ಹೋದದ್ದು ಇದಕ್ಕೇ, ಆ ಬಾಟಲಿ ತುಂಬಿದ ದಿನವೇ. ಸಂಜೆ ಹೊತ್ತು ಗುಡ್ಡ ಹತ್ತಿ ನೈಋತ್ಯಕ್ಕೆ ಮುಖ ಮಾಡಿ ನಿಂತೆ. ಲೆಕ್ಕದ ಪ್ರಕಾರ ನನ್ನ ಬಲಗೈ ಕಡೆ ಒಂದು ಸಮುದ್ರ, ಎಡಗೈ ಕಡೆ ಇನ್ನೊಂದು. ನೀರಿನಲ್ಲಿ ಒಂದು ಗೆರೆ ನಿಜಕ್ಕೂ ಇತ್ತು, ಆದರೆ ಅದು ಬೇರೆಯದು. ಕಾಳಿ ನದಿಯ ಕಂದು ನೀರು ಕಡಲಿನ ಹಸಿರಿಗೆ ಸೇರುವ ಜಾಗ, ಅದರುದ್ದಕ್ಕೂ ನೊರೆ, ಕಸ, ಒಂದೆರಡು ತೆಂಗಿನ ಗರಿ. ಒಂದು ಮೀನಿನ ಬೋಟು ತೆಂಕಣಿಂದ ಬಂತು, ಹಿಂದೆ ಗರುಡ ಹದ್ದುಗಳ ಹಿಂಡು. ಒಂದು ಸಮುದ್ರದಿಂದ ಇನ್ನೊಂದಕ್ಕೆ ದಾಟಿತು, ಮತ್ತೆ ವಾಪಸ್ ತಿರುಗಿತು, ಹದ್ದುಗಳೂ ತಿರುಗಿದವು. ನಾನು ಒಬ್ಬನೇ ನಗುತ್ತಾ ನಿಂತದ್ದನ್ನು ನೋಡಿ ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದ ಹುಡುಗರು ಸ್ವಲ್ಪ ದೂರ ಸರಿದರು.

ಗೆರೆ ಯಾಕೆ ಅಲ್ಲಿಂದಲೇ ಅಂದರೆ, ಅಲ್ಲಿ ದೀಪ ಇತ್ತು. ಹಡಗಿನವರಿಗೆ ದಾರಿ ಹೇಳುವ ಪುಸ್ತಕಗಳು ಇರುತ್ತವೆ, ಯಾವ ಬಂದರಿನ ಮುಂದೆ ಬಂಡೆ ಇದೆ, ಎಲ್ಲಿ ಎಷ್ಟು ಮಾರು ನೀರಿದೆ, ಯಾವ ದೀಪ ಹೇಗೆ ಮಿನುಗುತ್ತದೆ ಅಂತ. ಬೇರೆ ಬೇರೆ ದೇಶದವರು ಅದನ್ನು ಬರೆಯುವಾಗ ಒಬ್ಬರ ಅರಬ್ಬಿ ಸಮುದ್ರ ಇನ್ನೊಬ್ಬರದ್ದಕ್ಕೆ ತಾಳೆಯಾಗಲಿ ಅಂತ ಈ ಗೆರೆಗಳು. ಕಚೇರಿಯ ಅನುಕೂಲಕ್ಕೆ ಎಳೆದದ್ದು, ಇದಕ್ಕೆ ರಾಜಕೀಯ ಅರ್ಥ ಇಲ್ಲ ಅಂತ ಪುಸ್ತಕವೇ ಹೇಳುತ್ತದೆ. ನಮ್ಮ ವಿಜ್ಞಾನಿಗಳೂ ಇದನ್ನು ತಲೆಗೆ ಹಚ್ಚಿಕೊಂಡಿಲ್ಲ. ಅವರ ಲೆಕ್ಕದಲ್ಲಿ ನಮ್ಮ ಮುಂದಿನ ನೀರು 'ಆಗ್ನೇಯ ಅರಬ್ಬಿ ಸಮುದ್ರ'. ಹವಾಮಾನ ಇಲಾಖೆ ಮುಂಗಾರಿನ ಸುದ್ದಿ ಕೊಡುವಾಗ 'ಲಕ್ಷದ್ವೀಪ ಪ್ರದೇಶ' 'ಕೊಮೊರಿನ್ ಪ್ರದೇಶ' ಅನ್ನುತ್ತದಲ್ಲ, ಅದು ಮತ್ತೆ ಅವರದೇ ಬೇರೆ ಹಂಚಿಕೆ. ಕಾನೂನಿಗಂತೂ ಸಮುದ್ರವೋ ಮಹಾಸಾಗರವೋ ಅನ್ನುವುದು ಬೇಕೇ ಇಲ್ಲ. ದಡದಿಂದ 12 ನಾಟಿಕಲ್ ಮೈಲಿ ನಮ್ಮ ನೀರು, 200 ನಾಟಿಕಲ್ ಮೈಲಿಯ ತನಕ ಮೀನು, ಎಣ್ಣೆ, ಗ್ಯಾಸಿನ ಹಕ್ಕು ನಮ್ಮದು, ಹೆಸರು ಏನೇ ಇರಲಿ.

ನಾಲ್ಕನೆಯ ಆವೃತ್ತಿ ಯಾಕೆ ಬರಲಿಲ್ಲ ಅಂದೆನಲ್ಲ. ಜಗಳ. ಜಪಾನಿಗೂ ಕೊರಿಯಾಕ್ಕೂ ನಡುವಿನ ನೀರಿಗೆ ಜಪಾನ್ ಸಮುದ್ರ ಅಂತ ಹೆಸರು. ಕೊರಿಯಾದವರು ಅದು ಪೂರ್ವ ಸಮುದ್ರ ಅನ್ನುತ್ತಾರೆ. 2002ರಲ್ಲಿ ಹೊಸ ಕರಡು ಸಿದ್ಧವಾಗಿತ್ತು, ಈ ಒಂದು ಹೆಸರಿಗೆ ಸಿಕ್ಕಿಕೊಂಡು ನಿಂತಿತು. ಕೊನೆಗೆ 2020ರಲ್ಲಿ, ಹೊಸ ಡಿಜಿಟಲ್ ಪಟ್ಟಿಯಲ್ಲಿ ಹೆಸರೇ ಬೇಡ, ಪ್ರತಿಯೊಂದಕ್ಕೂ ಒಂದು ನಂಬರ್ ಕೊಡೋಣ ಅಂತ ತೀರ್ಮಾನ ಮಾಡಿದರು. ಮನೆಯ ಜಗಳ ತಾಳಲಾರದೆ ಮಕ್ಕಳಿಗೆ ಹೆಸರಿಡದೆ ಒಂದು ಎರಡು ಅಂತ ಕರೆದ ಹಾಗಾಯಿತು ನೋಡಿ.

ಹೆಸರಿನ ಜಗಳದಲ್ಲಿ ನಿಜವಾಗಿ ದುಡ್ಡು ಇದ್ದದ್ದು ಕ್ಯಾಸ್ಪಿಯನ್‌ನಲ್ಲಿ. ಅದು ಸುತ್ತಲೂ ನೆಲ ಇರುವ ನೀರು, ಯಾವ ಮಹಾಸಾಗರಕ್ಕೂ ಸೇರಿಲ್ಲ, ಆ ಲೆಕ್ಕಕ್ಕೆ ಗಣಪತಿ ಕೆರೆಯ ಜಾತಿ. ಆದರೆ ಅದರ ಅಳತೆ ಸುಮಾರು 3.7 ಲಕ್ಷ ಚದರ ಕಿ.ಮೀ., ಹೆಚ್ಚುಕಮ್ಮಿ ಎರಡು ಕರ್ನಾಟಕ, ತಳದಲ್ಲಿ ಎಣ್ಣೆ. ಸಮುದ್ರ ಅಂದರೆ ಒಂದು ಕಾನೂನು, ಕೆರೆ ಅಂದರೆ ಹಂಚಿಕೆಯೇ ಬೇರೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ದಡದ ಐದು ದೇಶಗಳು ಇಪ್ಪತ್ತಕ್ಕೂ ಹೆಚ್ಚು ವರ್ಷ ಚೌಕಾಸಿ ಮಾಡಿ 2018ರ ಆಗಸ್ಟ್‌ನಲ್ಲಿ ಕಜಕಿಸ್ತಾನದ ಅಕ್ತಾವ್ ಊರಿನಲ್ಲಿ ಸಹಿ ಹಾಕಿದವು. ಅದರಲ್ಲಿ ಅದು ಪೂರ್ತಿ ಸಮುದ್ರವೂ ಅಲ್ಲ, ಪೂರ್ತಿ ಕೆರೆಯೂ ಅಲ್ಲ, ಅದಕ್ಕೇ ಒಂದು ಬೇರೆ ನಿಯಮ.

ಈಗ ಕೊನೆಯದಾಗಿ ತಳ. ಗೆರೆ ಮನುಷ್ಯ ಎಳೆದದ್ದು. ಆದರೆ ತಳದಲ್ಲಿ ನಿಜಕ್ಕೂ ಒಂದು ಗಡಿ ಇದೆ. ಭೂಮಿಯ ಮೇಲ್ಪದರ ಎರಡು ಬಗೆ. ಖಂಡಗಳದ್ದು 30–40 ಕಿ.ಮೀ. ದಪ್ಪ, ಹಗುರ, ಗ್ರಾನೈಟಿನ ಜಾತಿ. ಮಹಾಸಾಗರದ ತಳದ್ದು ಆರೇಳು ಕಿ.ಮೀ. ಮಾತ್ರ, ಕಪ್ಪು ಬಸಾಲ್ಟ್, ಭಾರ, ಅದಕ್ಕೇ ತಗ್ಗಿನಲ್ಲಿ ಕೂತಿದೆ. ಬಾಲ್ಟಿಕ್, ಉತ್ತರ ಸಮುದ್ರ, ಅಜೋವ್ ಇವೆಲ್ಲ ಖಂಡದ ಮೇಲೇ ನಿಂತ ನೀರು, ಗದ್ದೆಯಲ್ಲಿ ಮಳೆನೀರು ನಿಂತ ಹಾಗೆ. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗ ಜೋರಾಗಿದ್ದಾಗ, ಕಡಲಿನ ಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗೆ ಇತ್ತು. ಆಗ ಇಂಗ್ಲೆಂಡಿನಿಂದ ಹಾಲೆಂಡಿಗೆ ನಡೆದೇ ಹೋಗಬಹುದಿತ್ತು, ಈಗಲೂ ಅಲ್ಲಿನ ಮೀನಿನ ಬಲೆಗೆ ಮ್ಯಾಮತ್ ಹಲ್ಲು ಸಿಗುತ್ತವೆ. ನಮ್ಮ ಕಡೆಯೂ ಅಷ್ಟೇ. ದಡದಿಂದ ಎಂಬತ್ತು ನೂರು ಕಿ.ಮೀ. ತನಕ ನೀರಿನಡಿ ಇರುವುದು ಖಂಡದ ಚಾಚು, ಅದರ ದೊಡ್ಡ ಭಾಗ ಆಗ ಒಣನೆಲ. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಓಡಿಸಿದ ಅಂತ ಕಥೆ. ಆದದ್ದು ಉಲ್ಟಾ, ಕಡಲೇ ಮುಂದೆ ಬಂತು.

ಆ ಚಾಚು ಮುಗಿದ ಮೇಲೆ ನೆಲ ಜಾರಿ ಇಳಿಯುತ್ತದೆ. ಇನ್ನೂ ಆಚೆ ಹೋದರೆ ಸಿಗುವುದು ಮಹಾಸಾಗರದ ತಳವೇ. ಅದು ಹೇಗೆ ಬಂತು ಅನ್ನುವುದರ ಗುರುತು ಮಲ್ಪೆಯ ಹತ್ತಿರ ಸೇಂಟ್ ಮೇರೀಸ್ ದ್ವೀಪದಲ್ಲಿದೆ. ಅಲ್ಲಿ ಕಂಬ ಕಂಬವಾಗಿ ನಿಂತ ಕಲ್ಲುಗಳನ್ನು ನೋಡಿದ್ದೀರಿ, ಹೆಚ್ಚಿನವರು ಅದರ ಮೇಲೆ ಹತ್ತಿ ಸೆಲ್ಫಿ ತೆಗೆದು ವಾಪಸ್ ಬರುತ್ತಾರೆ. ಮುಂದಿನ ಸಲ ಒಂದು ಕಂಬದ ತಲೆಯ ಮೇಲೆ ಬೆರಳಿಟ್ಟು ಮೂಲೆ ಎಣಿಸಿ, ಐದು ಅಥವಾ ಆರು ಸಿಗುತ್ತದೆ. ಬಿಸಿ ಲಾವಾ ಆರುವಾಗ ಕೆಸರುಗದ್ದೆ ಬಿರುಕು ಬಿಟ್ಟ ಹಾಗೆ ಬಿರಿದದ್ದು. ಆ ಲಾವಾ ಬಂದದ್ದು ಸುಮಾರು 9 ಕೋಟಿ ವರ್ಷದ ಹಿಂದೆ, ನಮಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬಿಟ್ಟು ಹೋಗುತ್ತಿದ್ದ ಕಾಲ. ಆಮೇಲೆ ಸೇಶೆಲ್ಸ್ ಕಡೆಯ ನೆಲವೂ ಬಿಟ್ಟಿತು. ನಡುವೆ ಬಿದ್ದ ಸಂದಿಯಲ್ಲಿ ಕೆಳಗಿನಿಂದ ಹೊಸ ಕಲ್ಲು ಉಕ್ಕಿ ತಳವಾಯಿತು. ಈಗಲೂ ಅರಬ್ಬಿ ಸಮುದ್ರದ ನೈಋತ್ಯದಲ್ಲಿ ಒಂದು ಏರು ಸಾಲಿನುದ್ದಕ್ಕೂ ಉಕ್ಕುತ್ತಿದೆ. ಆ ಸಾಲಿಗೆ ಕಾರ್ಲ್ಸ್‌ಬರ್ಗ್ ಅಂತ ಹೆಸರು. ನಗಬೇಡಿ, ನೀವು ಅಂದುಕೊಂಡ ಬಿಯರ್ ಹೆಸರೇ. 1928–30ರ ಡೇನಿಶ್ ಸಮುದ್ರ ಯಾತ್ರೆಗೆ ದುಡ್ಡು ಕೊಟ್ಟದ್ದು ಆ ಬಿಯರ್ ಕಂಪನಿಯ ಪ್ರತಿಷ್ಠಾನ.

ಅಂದರೆ ಅರಬ್ಬಿ ಸಮುದ್ರ ಹೆಸರಿಗೆ ಸಮುದ್ರ, ತಳಕ್ಕೆ ಮಹಾಸಾಗರ. ಕೆಂಪು ಸಮುದ್ರವೂ ಹಾಗೇ, ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಅಗಲವಾಗುತ್ತಿರುವ ಎಳೆ ಮಹಾಸಾಗರ, ನಿಮ್ಮ ಉಗುರು ಅದಕ್ಕಿಂತ ಬೇಗ ಬೆಳೆಯುತ್ತದೆ. ಅತ್ತ ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಮಹಾಸಾಗರಕ್ಕೆ ತನ್ನದೇ ತಳದ ಗಡಿ ಇಲ್ಲ, ದಡವೂ ಒಂದೇ ಕಡೆ, ಅದನ್ನು ಬೇರೆ ಮಾಡಿದ್ದು ಸುತ್ತುವ ತಣ್ಣನೆಯ ಪ್ರವಾಹ. 1953ರ ಪುಸ್ತಕದಲ್ಲಿ ಅದು ಇಲ್ಲ. ನ್ಯಾಶನಲ್ ಜಿಯಾಗ್ರಫಿಕ್‌ನವರು ತಮ್ಮ ನಕಾಶೆಯಲ್ಲಿ ಅದಕ್ಕೆ ಐದನೆಯ ಸ್ಥಾನ ಕೊಟ್ಟದ್ದು 2021ರಲ್ಲಿ. ಹಾಗಾಗಿ ಮಹಾಸಾಗರ ನಾಲ್ಕೋ ಐದೋ ಅಂತ ಮಕ್ಕಳು ಕೇಳಿದರೆ, ಯಾವ ವರ್ಷದ ಪುಸ್ತಕ ಅಂತ ಮೊದಲು ಕೇಳಿ.

ಇಷ್ಟಕ್ಕೆ ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯಲೇಬೇಕು.

ಒಬ್ಬರು ಎದ್ದು, ಹಾಗಾದರೆ ಕನ್ಯಾಕುಮಾರಿಯಲ್ಲಿ ಮೂರು ಸಮುದ್ರ ಸೇರುವುದು ಸುಳ್ಳಾ ಅಂತ ಕೇಳಿದರು. ಸ್ವಲ್ಪ ಸಿಟ್ಟೂ ಇತ್ತು, ಪಾಪ, ಹೋದ ಡಿಸೆಂಬರಿನಲ್ಲಿ ಸಂಸಾರ ಸಮೇತ ಹೋಗಿ ಮೂರು ಬಣ್ಣದ ಮರಳು ಕೊಂಡು ತಂದಿದ್ದರಂತೆ. ಆ ಪುಸ್ತಕದ ಗೆರೆಗಳ ಪ್ರಕಾರ ಕನ್ಯಾಕುಮಾರಿಯ ಮೂರೂ ಕಡೆ ಇರುವುದು ಒಂದೇ ಸಮುದ್ರ, ನಮ್ಮ ಮಲ್ಪೆಯ ಮುಂದಿರುವ ಅದೇ ಲಕ್ಷದ್ವೀಪ ಸಮುದ್ರ. ಬಂಗಾಳ ಕೊಲ್ಲಿ ರಾಮಸೇತುವಿನ ಆಚೆಗೇ ನಿಲ್ಲುತ್ತದೆ. ಹಿಂದೂ ಮಹಾಸಾಗರ ಶುರುವಾಗುವುದು ಶ್ರೀಲಂಕಾದ ದಕ್ಷಿಣ ತುದಿ ಡೊಂಡ್ರಾದಿಂದ ಅಡ್ಡುವಿಗೆ ಎಳೆದ ಗೆರೆಯ ಆಚೆ, ಕನ್ಯಾಕುಮಾರಿಯಿಂದ ಹತ್ತಿರದ ಜಾಗವೇ ಸುಮಾರು 400 ಕಿ.ಮೀ. ದೂರ. ಆದರೆ ಆ ಜಾಗ ಪುಣ್ಯಕ್ಷೇತ್ರವಾದದ್ದು 1953ಕ್ಕಿಂತ ಎಷ್ಟೋ ಮುಂಚೆ. ಗೆರೆ ಎಳೆದವರು ಬೇಕಾದರೆ ಕನ್ಯಾಕುಮಾರಿಯನ್ನು ಕೇಳಿ ಎಳೆಯಬೇಕಿತ್ತು ಅಂದೆ. ಅವರು ನಕ್ಕರು, ಮರಳಿನ ದುಡ್ಡು ಮಾತ್ರ ನಾನು ಕೊಡಲಾಗಲಿಲ್ಲ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನ ಹುಡುಗಿಯದು. ಸಮುದ್ರ, ಮಹಾಸಾಗರದ ಗಡಿ ಇರಲಿ, ನಮ್ಮ ಶರಾವತಿ ಎಲ್ಲಿ ಮುಗಿದು ಸಮುದ್ರ ಎಲ್ಲಿ ಶುರುವಾಗುತ್ತದೆ? ನಾನು ಕಾದು ಕೂತಿದ್ದ ಪ್ರಶ್ನೆ. ಅಲ್ಲಿ ಗೆರೆ ದಿನಕ್ಕೆ ಎರಡು ಸಲ ಓಡಾಡುತ್ತದೆ. ಉಬ್ಬರದಲ್ಲಿ ಉಪ್ಪುನೀರು ಭಾರವಾಗಿ ತಳ ಹಿಡಿದು ನದಿಯೊಳಗೆ ಹತ್ತುತ್ತದೆ, ಸಿಹಿನೀರು ಅದರ ಮೇಲೆ ಜಾರಿ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ನದಿಯ ಕೈ ಮೇಲು, ಬೇಸಿಗೆಯಲ್ಲಿ ಕಡಲಿನ ಕೈ ಮೇಲು. ಪಕ್ಕದ ಅಘನಾಶಿನಿಯಲ್ಲಿ ಈಗಲೂ ಹೀಗೇ ನಡೆಯುತ್ತದೆ, ಏಕೆಂದರೆ ಅದಕ್ಕೆ ಅಣೆಕಟ್ಟಿಲ್ಲ. ಶರಾವತಿಯಲ್ಲಿ ಬೇಸಿಗೆಯೂ ಕರೆಂಟ್ ಬೇಕು, ಹಾಗಾಗಿ ಲಿಂಗನಮಕ್ಕಿಯಲ್ಲಿ ಹಿಡಿದಿಟ್ಟ ನೀರು ವರ್ಷವಿಡೀ ಟರ್ಬೈನ್ ತಿರುಗಿಸಿ ಕೆಳಗೆ ಹೋಗುತ್ತಲೇ ಇರುತ್ತದೆ. ಹೊನ್ನಾವರದ ಅಳಿವೆಗೆ ಬೇಸಿಗೆಯಲ್ಲೂ ಸಿಹಿನೀರು. ಉಪ್ಪು ಮೊದಲಿನಷ್ಟು ಒಳಗೆ ಬರಲಾಗುವುದಿಲ್ಲ. ಅಳಿವೆಯ ಕೆಸರಿನಲ್ಲಿ ಬೆಳೆಯುವ ಚಿಪ್ಪಿಕಲ್ಲುಗಳಿಗೆ ಆ ಉಪ್ಪು ಬೇಕು. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ನೂರಾರು ಜನ ಬುಟ್ಟಿ ಹಿಡಿದು ಬಳಚು ಹೆಕ್ಕುತ್ತಾರೆ, ಶರಾವತಿಯಲ್ಲಿ ಅದು ಹೆಚ್ಚುಕಮ್ಮಿ ಮುಗಿದೇ ಹೋಗಿದೆ.

ಇದನ್ನು ಹೇಳುತ್ತಿದ್ದಾಗ ಮುಂದೆ ಕೂತಿದ್ದ ವಯಸ್ಸಾದ ಒಬ್ಬ ಹೆಂಗಸು ತಲೆಯಾಡಿಸುತ್ತಿದ್ದರು. ಮಾತು ಮುಗಿದ ಮೇಲೆ ಮೇಜಿನ ಹತ್ತಿರ ಬಂದರು. ಅವರ ತವರು ಹೊನ್ನಾವರವಂತೆ. ಚಿಕ್ಕವರಿದ್ದಾಗ ಮನೆಯ ಹಿಂದಿನ ಹೊಳೆಯಲ್ಲೇ ಬಳಚು ಹೆಕ್ಕಿ ತಂದು ಸುಕ್ಕಾ ಮಾಡುತ್ತಿದ್ದರಂತೆ. ಈಗ ತವರಿಗೆ ಹೋದರೆ ಅಣ್ಣನ ಮಗ ಬೈಕಿನಲ್ಲಿ ಕುಮಟಾ ಕಡೆಯಿಂದ ತಂದು ಕೊಡುತ್ತಾನೆ ಅಂದರು. ಆಮೇಲೆ ನಡುವಿನ ಪೊಟ್ಟಣ ಬಿಚ್ಚಿ, ಕಾರವಾರದ ಉಪ್ಪನ್ನು ಬೆರಳ ತುದಿಯಲ್ಲಿ ನಾಲಿಗೆಗೆ ಇಟ್ಟು, 'ಕಹಿ ಇದೆ, ಪೂರ್ತಿ ಇಂಗಿಸಬಾರದಿತ್ತು ನೀವು' ಅಂದರು.